ಹಡಗು ಕಾಯಲ್ಲ, ಸ್ವಾಮಿ!

ವೀಕ್ಷಕರೇ, ಮಂಗಳೂರಿನ ಪಣಂಬೂರಿಗೆ ಪ್ರವಾಸಿ ಹಡಗು ಬೆಳಗ್ಗೆ ಬಂದರೆ ಸಾಮಾನ್ಯವಾಗಿ ಸಂಜೆಗೆ ಹೊರಟೇಬಿಡುತ್ತೆ. ನಗರ ಅಲ್ಲಿಂದ ಸುಮಾರು 10 ಕಿಲೋಮೀಟರ್. ಕದ್ರಿ, ಕುದ್ರೋಳಿ, ಮೊಸ್ಕೆನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್, ಎಲ್ಲ ಅಷ್ಟರಲ್ಲೇ ನೋಡಬೇಕು.

ಹಡಗಿನವರೇ ಕರೆದೊಯ್ದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತೆ. ತಾವೇ ಟ್ಯಾಕ್ಸಿ ಹಿಡಿದು ಹೋದವರಿಗೆ ಕಾಯಲ್ಲ. ಈ ಭಯದ ಜೊತೆ ಬಾಯಿಗೆ ಬಂದ ಬಾಡಿಗೆಯೂ ಸೇರಿದರೆ? ಪ್ರವಾಸಿ ದುಬಾರಿಯಾದರೂ ಬಸ್ಸೇ ಹತ್ತುತ್ತಾನೆ. ಒಬ್ಬ ಚಾಲಕ ದುರಾಸೆ ಪಟ್ಟರೆ, ಬೆಳಗಿನ ಜಾವದಿಂದ ಕಾದು ನಿಂತ ಹತ್ತು ಜನರ ದುಡಿಮೆ ಹೋಯ್ತು!

ನಾನು ತಿಳವಳ್ಳಿ ಕಡೆಯವನು. ನಮ್ಮಲ್ಲಿ ಸಮುದ್ರ ಇಲ್ಲ, 13ನೇ ಶತಮಾನದ ಶಾಂತೇಶ್ವರ ಗುಡಿ ಇದೆ. ಬಸ್ಸಿಳಿದವರು ಗುಡಿ ಎಲ್ಲಿ ಅಂದ್ರೆ, "ಬರ್ರೀ, ತೋರಸ್ತೀನಿ" ಅಂತ ಜೊತೆಗೇ ಹೊರಡ್ತಾರೆ. ಬಾಡಿಗೆ ಕೇಳಬೇಡಿ ಅಂತ ಚಾಲಕರಿಗೆ ನಾನು ಹೇಳ್ತಿಲ್ಲ. ಅದು ಅವರ ಅನ್ನ. ಆದರೆ ಎಲ್ಲಿಗೆ ಎಷ್ಟು, ವಾಪಸ್ ಎಷ್ಟು ಗಂಟೆಗೆ, ಇವೆರಡನ್ನೂ ಕಾಗದದಲ್ಲಿ ಬರೆದುಕೊಡಿ. ನಂಬಿಕೆ ಇದ್ದ ಕಡೆ ಬಾಡಿಗೆ ತಾನಾಗಿ ಬರುತ್ತೆ.