ಮುಚ್ಚಿದ ಕೊಳ, ಉಳಿದ ಚಿತ್ರ



ಸಂಘದ ಈ ವಾರ್ಷಿಕೋತ್ಸವದಲ್ಲಿ ಕಲೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ದೊಡ್ಡ ಕಲಾಕೃತಿಗಳ ವಿಚಾರವನ್ನು ಬಲ್ಲವರಿಗೆ ಬಿಟ್ಟು, ಕೇವಲ ಒಂದು ಡಾಲರಿಗೆ ಮಾರಾಟವಾದ ಒಂದು ಭಿತ್ತಿಪತ್ರದ ಕಥೆಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣದ ತುದಿಯಲ್ಲಿ ಕೇರೋ ಎಂಬ ಸಣ್ಣ ಪಟ್ಟಣವಿದೆ. ಒಹಾಯೊ, ಮಿಸಿಸಿಪ್ಪಿ ಎಂಬ ಎರಡು ಮಹಾನದಿಗಳು ಕೂಡುವುದು ಅಲ್ಲಿಯೇ. ಅಷ್ಟು ನೀರಿನ ನಡುವೆಯೂ ಆ ಊರಿನ ಈಜುಕೊಳದಲ್ಲಿ ಕಪ್ಪು ಜನರ ಮಕ್ಕಳಿಗೆ ಪ್ರವೇಶವಿರಲಿಲ್ಲ. 1962ರಲ್ಲಿ ಕೆಲವು ತರುಣರು ಇದನ್ನು ಪ್ರತಿಭಟಿಸಿ, ಕೊಳದ ಹೊರಗೆ ಮೊಣಕಾಲೂರಿ ಪ್ರಾರ್ಥಿಸಿದರು. ಅವರಲ್ಲಿ ಒಬ್ಬರು 22 ವರ್ಷದ ಜಾನ್ ಲೂಯಿಸ್. ಷಿಕಾಗೊ ವಿಶ್ವವಿದ್ಯಾಲಯದ 20 ವರ್ಷದ ವಿದ್ಯಾರ್ಥಿ ಡ್ಯಾನಿ ಲಯನ್ ಆ ನೋಟವನ್ನು ಛಾಯಾಚಿತ್ರವಾಗಿ ಹಿಡಿದರು. ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿಯು ಅದನ್ನೇ ಭಿತ್ತಿಪತ್ರವಾಗಿ ಅಚ್ಚು ಹಾಕಿಸಿ, ಹೊಸ ಜಗತ್ತನ್ನು ಒಡಗೂಡಿ ಕಟ್ಟಲು ಬರಬೇಕೆಂಬ ಕರೆಯನ್ನು ಅದರಲ್ಲಿ ಸೇರಿಸಿತು.

ಅದೇ ಪ್ರತಿಭಟನೆಯಲ್ಲಿ 13 ವರ್ಷದ ಬಾಲೆಯೊಬ್ಬಳು, ಮೇಲೇರಿ ಬಂದ ವಾಹನಕ್ಕೆ ಜಗ್ಗದೆ ನಿಂತು, ಅದು ತಾಗಿ ಬಿದ್ದಳೆಂದು ಲಯನ್ ಬರೆದಿದ್ದಾರೆ. ಭಿತ್ತಿಪತ್ರದಲ್ಲಿ ಆ ಪೆಟ್ಟು ಕಾಣದು. ತಡೆದವರ ಮುಖವೂ ಕಾಣದು. ಮಂಡಿಯೂರಿದ ಮೂವರು ಮಾತ್ರ ಕಾಣುತ್ತಾರೆ. ಅನ್ಯಾಯಕ್ಕಿಂತ ಅದನ್ನು ಎದುರಿಸಿದವರ ಘನತೆಯನ್ನೇ ಆ ಚಿತ್ರ ಉಳಿಸಿಕೊಂಡಿತು. ಕೊಳದವರಾದರೋ ಎಲ್ಲರನ್ನೂ ಸೇರಿಸಿಕೊಳ್ಳುವುದಕ್ಕೆ ಬದಲಾಗಿ ಕೊಳವನ್ನೇ ಮುಚ್ಚಿಬಿಟ್ಟರು! ಲೂಯಿಸರು 1987ರಿಂದ 2020ರಲ್ಲಿ ತೀರಿಕೊಳ್ಳುವವರೆಗೆ ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದರು.

ಇದು ದೂರದ ಕಥೆಯೆಂದು ತಾವು ಭಾವಿಸಬಾರದು. ಲೂಯಿಸರಿಗೆ ಅಹಿಂಸೆಯ ಪಾಠ ಹೇಳಿದ ಜೇಮ್ಸ್ ಲಾಸನ್ನರು ನಮ್ಮ ರಾಜ್ಯದ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದವರು. ಇದೇ ರಾಜ್ಯದ ಮಹಾಡದಲ್ಲಿ 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಚವದಾರ ಕೆರೆಗೆ ನಡೆದು ನೀರು ಕುಡಿದರು. ಕೆರೆಯು ಎಲ್ಲರದೆಂದು ಪುರಸಭೆ ಮೊದಲೇ ಗೊತ್ತುವಳಿ ಮಾಡಿತ್ತು. ಆದರೂ ಆ ನೀರನ್ನು ಪಂಚಗವ್ಯದಿಂದ ಶುದ್ಧಿ ಮಾಡಿದವರು ಪರದೇಶದವರಲ್ಲ, ಈ ನಾಡಿನವರೇ.

ಆದುದರಿಂದ ಕೇರೋದ ಚಿತ್ರವನ್ನು ನೋಡಿ ಪರರ ತಪ್ಪಿಗೆ ಮರುಗಿದರೆ ಸಾಲದು. ಗಡಿಯಾಚೆ ನೆಲಸಿರುವ ನಾವು ನಮ್ಮ ನುಡಿಗೆ ಶಾಲೆಯಲ್ಲಿ, ಸಭೆಯಲ್ಲಿ ಸ್ಥಾನ ಬೇಕೆಂದು ಕೇಳುತ್ತೇವೆ, ಕೇಳುವುದು ನ್ಯಾಯವೇ. ಆದರೆ ನಮ್ಮ ಬಾವಿಕಟ್ಟೆಯಲ್ಲಿ, ನಮ್ಮ ಪಂಕ್ತಿಯಲ್ಲಿ ಎಲ್ಲ ಕನ್ನಡಿಗರಿಗೂ ಸ್ಥಾನವುಂಟೆ? ಈ ಪ್ರಶ್ನೆಯನ್ನು ಇಂದು ಮನೆಗೆ ಒಯ್ಯಬೇಕೆಂದು ಪ್ರಾರ್ಥಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.