ಅಡಿಗೆಯ ಅರಿವು: ಅಮೇರಿಕೆಯ ದಕ್ಷಿಣ ಸೀಮೆಯ ಒಂದು ವೃತ್ತಾಂತ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ದಾಸೋಹದ ಮನೆಯಲ್ಲಿ ಒಲೆ ಉರಿಯುತ್ತಿರುವ ಹೊತ್ತಿನಲ್ಲಿ ಅಡಿಗೆಯ ವಿಷಯವಾಗಿ ಮಾತನಾಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ. ಆದರೆ ನಾನು ಹೇಳಹೊರಟಿರುವುದು ನಮ್ಮ ಸೀಮೆಯ ಅಡಿಗೆಯನ್ನಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ, ವರ್ಜೀನಿಯಾ, ಜಾರ್ಜಿಯಾ, ಅಲಬಾಮಾ, ದಕ್ಷಿಣ ಕೆರೊಲಿನಾ ಮೊದಲಾದ ಪ್ರಾಂತಗಳಲ್ಲಿ, ಹಳ್ಳಿಗರು ಮಾಡಿಕೊಂಡು ಬಂದಿರುವ ಅಡಿಗೆಯನ್ನು. ಅಷ್ಟು ದೂರದ ಒಲೆಯ ಗೊಡವೆ ನಮಗೇಕೆಂದು ಯಾರಾದರೂ ಕೇಳಿದರೆ, ಆ ಒಲೆಯ ಮೇಲೆ ಬೇಯುತ್ತಿರುವುದು ಬಹುಮಟ್ಟಿಗೆ ನಮ್ಮ ಹೊಲಗಳ ಬೆಳೆಯೇ ಎಂಬುದೇ ನನ್ನ ಉತ್ತರ.

ಜೋಳದ ತವರು ಆಫ್ರಿಕಾ ಖಂಡ. ಬಹು ಪ್ರಾಚೀನ ಕಾಲದಲ್ಲಿಯೇ ಅದು ನಮ್ಮ ದೇಶಕ್ಕೆ ಬಂದು ಎರೆಯ ಹೊಲಗಳಲ್ಲಿ ಬೇರೂರಿತು. ಅಲಸಂದಿಯೂ ಹಾಗೆಯೇ ಬಂದುದು. ಎಳ್ಳು ಮಾತ್ರ ನಮ್ಮಿಂದ ಅತ್ತ ಹೋಯಿತು. ಮುಂದೆ ಆಫ್ರಿಕೆಯ ಜನರನ್ನು ಹಡಗುಗಳಲ್ಲಿ ತುಂಬಿ ಅಮೇರಿಕೆಗೆ ಗುಲಾಮರನ್ನಾಗಿ ಸಾಗಿಸಿದ ಘೋರ ದಿನಗಳಲ್ಲಿ ಅವರ ಸಂಗಡ ಅಲಸಂದಿ, ಬೆಂಡಿ, ಎಳ್ಳುಗಳೂ ಸಮುದ್ರವನ್ನು ದಾಟಿದವು. ದಕ್ಷಿಣ ಕೆರೊಲಿನಾದಲ್ಲಿ ಎಳ್ಳಿಗೆ ಇಂದಿಗೂ ‘ಬೆನ್ನಿ’ ಎಂಬ ಆಫ್ರಿಕೆಯ ಹೆಸರೇ ಉಳಿದಿದೆ. (ನಮ್ಮ ತಾಯಂದಿರು ಕಡೆಯುವ ಬೆಣ್ಣಿಗೂ ಅದಕ್ಕೂ ಯಾವ ನಂಟೂ ಇಲ್ಲ.) ಹೊಸ ವರ್ಷದ ದಿನ ಅನ್ನದೊಡನೆ ಅಲಸಂದಿಯನ್ನು ಉಂಡರೆ ಶುಭವೆಂದು ಆ ಸೀಮೆಯವರು ಭಾವಿಸುತ್ತಾರೆ. ಅವರ ಊಟದಲ್ಲಿ ಹಂದಿಯ ಮಾಂಸಕ್ಕೂ ಕೊಬ್ಬಿಗೂ ದೊಡ್ಡ ಸ್ಥಾನವುಂಟು; ಈ ಸನ್ನಿಧಿಯಲ್ಲಿ ಅದನ್ನು ವಿಸ್ತರಿಸುವುದು ಉಚಿತವಲ್ಲವಾದುದರಿಂದ ಅಷ್ಟಕ್ಕೇ ಬಿಡುತ್ತೇನೆ.

ಆ ಅಡಿಗೆಯನ್ನು ಬೆಳೆಯಿಸಿದವರಲ್ಲಿ ಬಹುಪಾಲು ಜನ, 1865ರಲ್ಲಿ ಗುಲಾಮಗಿರಿಯು ಕಾಯಿದೆಯಿಂದ ರದ್ದಾಗುವ ತನಕ, ಒಡೆಯರ ಸೊತ್ತೆಂದು ಎಣಿಸಲ್ಪಟ್ಟವರು. 1824ರಲ್ಲಿ ಮೇರಿ ರ‍್ಯಾಂಡಾಲ್ಫ್ ಎಂಬ ವರ್ಜೀನಿಯಾದ ಗೃಹಿಣಿಯೊಬ್ಬಳು ಪ್ರಕಟಿಸಿದ ಪಾಕಗ್ರಂಥದಲ್ಲಿ ಬೆಂಡಿಯ ಪಾಕಗಳುಂಟು. ಆ ಪಾಕಗಳನ್ನು ಕಲಿಸಿದ, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಬೇಯಿಸಿದ ಕೈಗಳ ಹೆಸರು ಮಾತ್ರ ಅದರಲ್ಲಿಲ್ಲ. ಕಾಯಕವು ಒಬ್ಬರದು, ಕೀರ್ತಿಯು ಇನ್ನೊಬ್ಬರದು.

ಹೆಸರಿಲ್ಲದ ಆ ಕೈಗಳಿಗೆ ಹೆಸರನ್ನು ತಂದವರಲ್ಲಿ ಎಡ್ನಾ ಲೂಯಿಸ್ ಎಂಬ ತಾಯಿಯು ಅಗ್ರಗಣ್ಯರು. ಇವರು 1916ರಲ್ಲಿ ವರ್ಜೀನಿಯಾದ ಫ್ರೀಟೌನ್ ಎಂಬ ಚಿಕ್ಕ ಹಳ್ಳಿಯಲ್ಲಿ ಜನಿಸಿದರು. ಬಿಡುಗಡೆ ಹೊಂದಿದ ಗುಲಾಮರು, ಇವರ ಅಜ್ಜನೂ ಅವರಲ್ಲೊಬ್ಬನು, ತಾವೇ ಕಟ್ಟಿಕೊಂಡ ಊರದು. ‘ಸ್ವತಂತ್ರರ ಊರು’ ಎಂದೇ ಅದಕ್ಕೆ ಹೆಸರಿಟ್ಟರು. ಅಜ್ಜಿಯು ಗುಲಾಮಳಾಗಿದ್ದ ಕಾಲದಲ್ಲಿ ಇಟ್ಟಿಗೆಯ ಕೆಲಸ ಮಾಡುತ್ತಿದ್ದವಳು. ಆ ಮನೆಗಳಲ್ಲಿ ಕಟ್ಟಿಗೆಯ ಒಲೆಯೇ ಗತಿ, ಅಳತೆಯ ಪಾತ್ರೆಗಳಿಲ್ಲ. ಹಿಟ್ಟನ್ನುಬ್ಬಿಸುವ ಪುಡಿಯನ್ನು ನಾಣ್ಯದ ಮೇಲೆ ಗುಪ್ಪೆಮಾಡಿ ಅಳೆಯುತ್ತಿದ್ದರು. ಒಲೆಯಲ್ಲಿಟ್ಟ ಸಿಹಿರೊಟ್ಟಿಯು ಬೆಂದಿತೋ ಇಲ್ಲವೋ ಎಂಬುದನ್ನು ಅದರೊಳಗಿನ ಸದ್ದಿಗೆ ಕಿವಿಗೊಟ್ಟು ತಿಳಿಯುತ್ತಿದ್ದರು! ನಮ್ಮಲ್ಲಿ ರೊಟ್ಟಿ ಬಡಿಯುವ ಸಪ್ಪಳದಿಂದಲೇ ಹಿಟ್ಟಿನ ಹದವನ್ನು ಹೇಳುವ ಮುತ್ತೈದೆಯರಿಗೆ ಇದು ಆಶ್ಚರ್ಯವೆನಿಸದು. ಗೋದಿಯ ಸುಗ್ಗಿಯಲ್ಲಿ ನೆರೆಹೊರೆಯವರೆಲ್ಲರೂ ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳುಗಳಾಗಿ ದುಡಿಯುತ್ತಿದ್ದರು. ಹೊಲದೊಡೆಯನ ಮನೆಯ ಹೆಂಗಸರು ನಡುಹಗಲಿಗೆ ಎಲ್ಲರಿಗೂ ಊಟವನ್ನು ಅಣಿಮಾಡುತ್ತಿದ್ದರು. ಈ ತಾಯಿಯು ಹರೆಯದಲ್ಲಿಯೇ ಊರು ಬಿಟ್ಟು ನ್ಯೂಯಾರ್ಕ್ ನಗರವನ್ನು ಸೇರಿ, ಹೊಲಿಗೆಯಿಂದಲೂ ಅಡಿಗೆಯಿಂದಲೂ ಜೀವಿಸಿ, 1976ರಲ್ಲಿ ಒಂದು ಗ್ರಂಥವನ್ನು ಬರೆದರು. ಋತುಗಳ ಕ್ರಮದಲ್ಲಿ ತಮ್ಮ ಹಳ್ಳಿಯ ಊಟಗಳನ್ನೆಲ್ಲ ಅದರಲ್ಲಿ ವಿವರಿಸಿದ್ದಾರೆ. ಸುಗ್ಗಿಯ ಊಟವಿದೆ, ದಾಸ್ಯವಿಮೋಚನೆಯ ಹಬ್ಬದ ಊಟವೂ ಇದೆ. 2006ರಲ್ಲಿ ಅವರು ತೀರಿಕೊಂಡರು; 2014ರಲ್ಲಿ ಅಲ್ಲಿಯ ಸರಕಾರವು ಅವರ ಚಿತ್ರವಿರುವ ಅಂಚೆಯ ಚೀಟಿಯನ್ನು ಹೊರಡಿಸಿತು.

ಇನ್ನು ಜೋಳದ ಮಾತು. ನಾವು ಕಾಳನ್ನು ಬೀಸಿ ರೊಟ್ಟಿ ಬಡಿಯುತ್ತೇವೆ. ಆ ಸೀಮೆಯವರು ಸಿಹಿದಂಟಿನ ಜೋಳವನ್ನು ಬೆಳೆದು ದಂಟಿನಿಂದ ಜೋನಿಬೆಲ್ಲ ಮಾಡುತ್ತಾರೆ. ಈ ಜಾತಿಯ ಜೋಳವು 1850ರ ಆಚೀಚೆ ಅಲ್ಲಿಗೆ ಬಂದಿತು. 1861ರಿಂದ 1865ರ ವರೆಗಿನ ಅಂತರ್ಯುದ್ಧದಲ್ಲಿ ಸಕ್ಕರೆಯು ದುರ್ಲಭವಾದಾಗ ಬಡವರ ಮನೆಗಳಿಗೆ ಅದೇ ಸಿಹಿಯಾಯಿತು. ಕೆಂಟಕಿ, ಟೆನ್ನೆಸ್ಸೀ ಪ್ರಾಂತಗಳಲ್ಲಿ ಇಂದಿಗೂ ಈ ಕಸುಬಿನ ಕುಟುಂಬಗಳಿವೆ. ಸೋಗೆಯನ್ನು ಸವರಿ ತೆನೆಯನ್ನು ಕೊಯ್ದ ದಂಟನ್ನು ಮೂರು ಉರುಳೆಗಳ ಗಾಣಕ್ಕೆ ಕೊಡುತ್ತಾರೆ. ನಮ್ಮ ಗಾಣಕ್ಕೆ ಎತ್ತು ಸುತ್ತುವಂತೆ ಅಲ್ಲಿ ಹೇಸರಗತ್ತೆಯು ಸುತ್ತುತ್ತಿತ್ತು. ಈಗ ಬಹುಕಡೆ ಯಂತ್ರವೇ ತಿರುಗಿಸುತ್ತದೆ. ಹಸುರು ಛಾಯೆಯ ರಸವನ್ನು ಉದ್ದವಾದ, ಆಳವಿಲ್ಲದ, ಒಳಗೆ ಅಡ್ಡತಡೆಗಳುಳ್ಳ ಕೊಪ್ಪರಿಗೆಯಲ್ಲಿ ಹರಿಯಬಿಟ್ಟು ಕುದಿಸುತ್ತಾರೆ. ಒಂದು ತುದಿಯಿಂದ ರಸವು ಪ್ರವೇಶಿಸಿ, ತಡೆಗಳನ್ನು ಬಳಸಿ ಬಳಸಿ ಇನ್ನೊಂದು ತುದಿಗೆ ತಲಪುವಷ್ಟರಲ್ಲಿ ಜೇನಿನ ಬಣ್ಣದ ಪಾಕವಾಗಿರಬೇಕು. ಮೇಲೇಳುವ ಹಸುರು ನೊರೆಯನ್ನು ಎಡೆಬಿಡದೆ ತೆಗೆಯುತ್ತಲೇ ಇರಬೇಕು. ಬಿಟ್ಟರೆ ಪಾಕವು ಕಹಿ. ಸುಮಾರು 10 ಕೊಡ ರಸಕ್ಕೆ 1 ಕೊಡ ಪಾಕ. ಸೌಟಿನಿಂದ ಅದು ಇಳಿಯುವ ರೀತಿಯನ್ನು ಕಂಡೇ ಹಿರಿಯನು ‘ಆಯಿತು’ ಎನ್ನುತ್ತಾನೆ. ನಮ್ಮ ಆಲೆಮನೆಯ ಗುಳವೆಯನ್ನು ಕಂಡವರಿಗೆ ಈ ಕಸುಬಿನವನು ಪರಕೀಯನಾಗಿ ತೋರುವನೇ?

ಈ ವರೆಗೆ ರುಚಿಯ ಮಾತಾಯಿತು. ಇನ್ನು ಹೇಳುವುದು ಪ್ರಾಣದ ಮಾತು. ಇದಕ್ಕಾಗಿಯೇ ನಾನು ಈ ವಿಷಯವನ್ನು ಆರಿಸಿಕೊಂಡೆನು.

ಗೋವಿನಜೋಳವು ಅಮೇರಿಕೆಯ ಆದಿವಾಸಿಗಳ ಧಾನ್ಯ. ಅವರು ಅದನ್ನು ಸುಣ್ಣದ ತಿಳಿಯಲ್ಲಿ ಇಲ್ಲವೆ ಕಟ್ಟಿಗೆಯ ಬೂದಿಯ ತಿಳಿಯಲ್ಲಿ ಬೇಯಿಸಿ, ತೊಳೆದು, ಆ ಮೇಲೆ ಅರೆಯುತ್ತಿದ್ದರು. ಹೊರಗಿನಿಂದ ಬಂದವರು ಧಾನ್ಯವನ್ನು ಕೈಕೊಂಡರು. ಬೂದಿಯ ಕೆಲಸವನ್ನು ಬಹುಮಟ್ಟಿಗೆ ಬಿಟ್ಟು, ಹಸಿಯ ಕಾಳನ್ನೇ ಬೀಸಿ ರೊಟ್ಟಿ ಮಾಡಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಸೀಮೆಯ ಬಡವರ ಮೇಲೆ ಪೆಲಾಗ್ರ ಎಂಬ ರೋಗವು ಮಾರಿಯಂತೆ ಎರಗಿತು. ಬಿಸಿಲು ತಾಗಿದಲ್ಲಿ ಚರ್ಮವು ಕಪ್ಪಾಗಿ ಒಡೆಯುವುದು, ಹೊಟ್ಟೆ ಕೆಡುವುದು, ಬುದ್ಧಿ ಭ್ರಮಿಸುವುದು, ಕೊನೆಗೆ ಮರಣ. ಅಂಟುರೋಗವೆಂದು ಹಲವರು ನಂಬಿದ್ದರು. 1914ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನು ಶೋಧನೆಗೆ ಕೈಯಿಕ್ಕಿ, ಅನಾಥಾಲಯಗಳ ಮಕ್ಕಳಿಗೆ ಹಾಲು, ಕಾಳುಗಳೇ ಮೊದಲಾದ ಒಳ್ಳೆಯ ಆಹಾರವನ್ನು ಕೊಡಿಸಲು ರೋಗವು ಮಾಯವಾಯಿತು. ಅಂಟುರೋಗವಲ್ಲವೆಂದು ತೋರಿಸಲು ಆತನೂ ಆತನ ಸಂಗಡಿಗರೂ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಆಹಾರದಲ್ಲಿ ಕೊರತೆಯಾಗಿದ್ದ ಸತ್ತ್ವವು ಯಾವುದೆಂಬುದು 1937ರಲ್ಲಿ ತಿಳಿಯಿತು. ಆ ಸತ್ತ್ವವನ್ನು ಗೋವಿನಜೋಳದಿಂದ ಬಿಡಿಸುವುದೇ ಆದಿವಾಸಿಗಳ ಸುಣ್ಣ-ಬೂದಿಗಳ ಕೆಲಸವಾಗಿತ್ತು. ಆದರೆ ದೋಷವೆಲ್ಲವನ್ನೂ ಅಡಿಗೆಯವರ ಮೇಲೆ ಹೊರಿಸುವುದು ಅನ್ಯಾಯ. ಭೂಮಿಯ ಒಡೆಯರಿಗೆ ಹತ್ತಿಯೇ ಬೇಕಾಗಿತ್ತು. ಗೇಣಿಯವನ ಬಾಗಿಲ ತನಕ ಹತ್ತಿಯನ್ನೇ ಬಿತ್ತಿಸಿದರು. ಕಾಯಿಪಲ್ಯದ ಹಿತ್ತಲಿಗೆ ಎಡೆಯಿಲ್ಲ, ಹಾಲಿನ ಹಸುವಿಗೆ ಮೇವಿಲ್ಲ. ಹಿಟ್ಟು, ಕೊಬ್ಬು, ಕಾಕಂಬಿ, ಇವು ಮೂರೇ ಅವರ ಊಟ.

ಇದು ಪರದೇಶದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಜೋಳವನ್ನಲ್ಲದೆ ಬೇರೇನನ್ನೂ ಕಾಣದ ದಖ್ಖಣದ ಬಡವರಲ್ಲಿಯೂ ಇದೇ ರೋಗವಿರುವುದನ್ನು ಹೈದರಾಬಾದಿನ ಸಂಶೋಧನಾಲಯದ ವೈದ್ಯರಾದ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬವರು 1960ರಲ್ಲಿ ವರದಿಮಾಡಿದರು. ರೊಟ್ಟಿಯ ಪಕ್ಕಕ್ಕೆ ಹೆಸರುಕಾಳು, ಪುಂಡಿಪಲ್ಯ, ಶೇಂಗಾಚಟ್ನಿ, ಒಂದು ಬಟ್ಟಲು ಮಜ್ಜಿಗೆ ಇವುಗಳನ್ನಿಡುತ್ತಿದ್ದ ನಮ್ಮ ಅಜ್ಜಿಯರು ನಾಲಗೆಯ ಚಾಪಲ್ಯಕ್ಕಾಗಿ ಮಾತ್ರವೇ ಇಡುತ್ತಿರಲಿಲ್ಲ. ಶೇಂಗಾ ಎಂದೊಡನೆ ಅಲಬಾಮಾದ ಟಸ್ಕೀಗೀ ವಿದ್ಯಾಲಯದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ನೆನಪಾಗುತ್ತಾರೆ. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿ ಪಂಡಿತರಾದ ಅವರು, ಹತ್ತಿಯಿಂದ ಬಡವಾದ ನೆಲಕ್ಕೂ ಬಡವಾದ ಮೈಗೂ ಶೇಂಗಾ ಒಳ್ಳೆಯದೆಂದು ಸಾರಿ, ಅದರ 105 ಪಾಕಗಳನ್ನು 1916ರಲ್ಲಿ ಅಚ್ಚುಹಾಕಿಸಿ ರೈತರಿಗೆ ಹಂಚಿದರು.

ಈಗ ಶ್ರೀಮಠದ ಹಿರಿಯರಲ್ಲಿ ಒಂದು ವಿಜ್ಞಾಪನೆ. ಈ ಮಹೋತ್ಸವದ ಸಂಚಿಕೆಯಲ್ಲಿ ಅಕ್ಕಿ, ಜೋಳ, ಬೆಲ್ಲಗಳನ್ನು ಕಾಣಿಕೆಯಾಗಿತ್ತ ಮಹನೀಯರ ಹೆಸರುಗಳು ಅಚ್ಚಾಗುವುವೆಂದು ಕೇಳಿದ್ದೇನೆ, ಅದು ಯುಕ್ತವೇ. ಅದರ ಮುಂದಿನ ಪುಟದಲ್ಲಿ, ನಸುಕಿನಲ್ಲೆದ್ದು ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ತಾಯಂದಿರ, ಸಾರಿಗೆ ಒಗ್ಗರಣೆ ಹಾಕುವ ಅಣ್ಣಂದಿರ, ಗಾಣದವರ, ಆಲೆಮನೆಯವರ ಹೆಸರುಗಳನ್ನು ಊರಿನ ಹೆಸರಿನೊಡನೆ ಮುದ್ರಿಸಬೇಕು. ಅವರು ಬಲ್ಲ ಪಾಕಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಬರೆದುಕೊಳ್ಳುವ ಕೆಲಸಕ್ಕೆ ನಾನು ಇಂದಿನಿಂದಲೇ ಸಿದ್ಧನಿದ್ದೇನೆ.