ಗುಳಿಗೆಯ ಮಾತು ಕೇಳದ ಸಕ್ಕರೆ



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಇಂದು ಹೇಳುವುದು ನನ್ನ ಮೈಮೇಲೆ ಬಂದ ಜಡ್ಡಿನ ಮಾತು. ಅದರ ಶಾಸ್ತ್ರವನ್ನು ಸೊಲ್ಲಾಪುರದ ಡಾಕ್ಟರರು ನನಗೆ ತಿಳಿಯುವ ಹಾಗೆ ಹೇಳಿಕೊಟ್ಟಷ್ಟೇ ಹೇಳುತ್ತೇನೆ.

2013ರ ಬೇಸಿಗೆ ನಿಮಗೆಲ್ಲ ನೆನಪಿರಬೇಕು. ನಮ್ಮ ಜಿಲ್ಲೆಗೆ ಬರ ಬಿದ್ದ ವರ್ಷ. ನಮ್ಮ ಓಣಿಗೆ ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಅಂಥ ಹೊತ್ತಿನಲ್ಲಿ ನನಗೆ ಎಲ್ಲಿಲ್ಲದ ನೀರಡಿಕೆ. ರಾತ್ರಿ ನಾಲ್ಕು ಸಲ ಏಳುವುದು, ಏಳುವಾಗೊಮ್ಮೆ ತಂಬಿಗೆ ನೀರು ಕುಡಿಯುವುದು. ಮನೆಯವಳು, "ಕೊಡಾ ಖಾಲಿ ಆತಲ್ರಿ, ಟ್ಯಾಂಕರ ಬರಾಕ ಇನ್ನ ಎರಡ ದಿನಾ ಐತಿ" ಎಂದು ಗೊಣಗಿದಳು. ಬಿಸಿಲಿನ ಝಳ ಎಂದುಕೊಂಡೆವು. ಪ್ಯಾಂಟು ಸಡಿಲಾದಾಗ ದರ್ಜಿಯ ಬಳಿ ಹೋಗಿ ಹೊಲಿಗೆ ಹಾಕಿಸಿದೆನೇ ಹೊರತು ದವಾಖಾನೆಗೆ ಹೋಗಲಿಲ್ಲ. ಆಗ ನನಗೆ 55 ವರ್ಷ.

ಕಡೆಗೆ ತಪಾಸಣೆ ಮಾಡಿಸಿದಾಗ ಸಕ್ಕರೆ 380 ಬಂತು. ಮೊದಲು ನೋಡಿದ ಡಾಕ್ಟರರು ಗುಳಿಗೆ ಬರೆದುಕೊಟ್ಟರು. ಅವರನ್ನು ನಾನು ದೂರಲಾರೆ. ಐವತ್ತು ದಾಟಿದವನಿಗೆ ಸಕ್ಕರೆ ಬಂತೆಂದರೆ ಹೆಚ್ಚಾಗಿ ಅದು ಎರಡನೆಯ ಬಗೆಯದು, ಗುಳಿಗೆ, ಪಥ್ಯ, ನಡಿಗೆಗಳಿಗೆ ಬಗ್ಗುವಂಥದು. ಆದರೆ ನನ್ನದು ಬಗ್ಗಲಿಲ್ಲ. ಒಂದು ಗುಳಿಗೆ ಎರಡಾಯಿತು, ಎರಡು ಮೂರಾಯಿತು. ನಾಲ್ಕು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದೆ. ಊರಲ್ಲಿ ಕೆಲವರು, "ಏನ್ರಿ, ಪಥ್ಯ ಛಲೋ ಮಾಡೀರಿ" ಎಂದು ಹೊಗಳಿದರು!

ಆಮೇಲೆ ಸೊಲ್ಲಾಪುರದಲ್ಲಿ ಇನ್ನೊಬ್ಬ ಡಾಕ್ಟರರು ನನ್ನ ಮುಖ ನೋಡಿ, ಗುಳಿಗೆಯ ಚೀಟಿ ನೋಡಿ, "ಕಾಕಾ, ಹೀ ಸಾಖರ ಗೋಳ್ಯಾಂಚಂ ಐಕಣಾರೀ ನಾಹೀ" ಎಂದರು. ಎರಡು ಪರೀಕ್ಷೆ ಬರೆದರು. ಒಂದು ಗ್ಯಾಡ್ ಆ್ಯಂಟಿಬಾಡಿ, ಇನ್ನೊಂದು ಸಿ-ಪೆಪ್ಟೈಡ್. ನಮ್ಮ ಹೊಟ್ಟೆಯಲ್ಲಿ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ, ಮರಾಠಿಯಲ್ಲಿ ಸ್ವಾದುಪಿಂಡ ಎನ್ನುತ್ತಾರೆ. ಇನ್ಸುಲಿನ್ ತಯಾರಾಗುವುದು ಅಲ್ಲಿ. ಕೆಲವರಲ್ಲಿ ರೋಗವನ್ನು ಹೊಡೆದೋಡಿಸಬೇಕಾದ ಮೈಯ ಕಾವಲು ಪಡೆಯೇ ತಪ್ಪು ತಿಳಿದು ಇನ್ಸುಲಿನ್ ಮಾಡುವ ಕಣಗಳನ್ನು ಕೊಲ್ಲುತ್ತದೆ. ಗ್ಯಾಡ್ ಪರೀಕ್ಷೆಯಲ್ಲಿ ಆ ಕಾದಾಟದ ಗುರುತು ಸಿಗುತ್ತದೆ. ಸಿ-ಪೆಪ್ಟೈಡ್ ಪರೀಕ್ಷೆಯಿಂದ ಗ್ರಂಥಿಯಲ್ಲಿ ಇನ್ನೂ ಎಷ್ಟು ಶಕ್ತಿ ಉಳಿದಿದೆ ಎಂದು ತಿಳಿಯುತ್ತದೆ. ಮಕ್ಕಳಲ್ಲಿ ಈ ನಾಶ ಬೇಗ ಆಗುತ್ತದೆ. ದೊಡ್ಡವರಲ್ಲಿ ಅನೇಕ ಸಲ ಸಾವಕಾಶವಾಗಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತದೆ. ಆದ್ದರಿಂದಲೇ ಮೊದಮೊದಲು ಗುಳಿಗೆ ನಾಟಿದಂತೆ ಕಾಣುವುದು. ಇದು ಮೊದಲನೆಯ ಬಗೆ, ಟೈಪ್ ವನ್. ಹುಡುಗರಿಗೇ ಬರುತ್ತದೆ ಎಂಬುದು ಸುಳ್ಳು.

ಇಂಗ್ಲೆಂಡಿನಲ್ಲಿ ಗೃಹಮಂತ್ರಿಯಾಗಿದ್ದ ಥೆರೆಸಾ ಮೇ ಅವರಿಗೂ 2012ರ ನವೆಂಬರಿನಲ್ಲಿ, 56ನೆಯ ವಯಸ್ಸಿಗೆ, ಇದೇ ಆಯಿತು. ಅವರಿಗೂ ಮೊದಲು ಎರಡನೆಯ ಬಗೆ ಎಂದೇ ಹೇಳಿ ಗುಳಿಗೆ ಕೊಟ್ಟಿದ್ದರು. ಗುಳಿಗೆ ನಾಟದೆ, ಮತ್ತೆ ಪರೀಕ್ಷೆ ಮಾಡಿ ಇನ್ಸುಲಿನ್ ಶುರು ಮಾಡಿದರು. ಸೂಜಿ ಚುಚ್ಚಿಕೊಳ್ಳುತ್ತಲೇ ಅವರು 2016ರಿಂದ 2019ರವರೆಗೆ ಪ್ರಧಾನಮಂತ್ರಿಯಾಗಿದ್ದರು. ಕ್ರಿಕೆಟ್ ಕೇಳುವವರಿಗೆ ವಾಸಿಂ ಅಕ್ರಮ್ ಗೊತ್ತು. ಅವರಿಗೆ 1997ರಲ್ಲಿ, ಮೂವತ್ತರ ಆಸುಪಾಸಿನಲ್ಲಿ ಬಂತು. 2003ರವರೆಗೂ ಬೌಲಿಂಗ್ ಮಾಡಿದರು. ಇದನ್ನು ನನ್ನ ಮಗ ಹೇಳಿದ ಮೇಲೆಯೇ ನಾನು ಸೂಜಿ ಹಿಡಿಯಲು ಒಪ್ಪಿದ್ದು. "ಇನ್ಸುಲಿನ್ ಅಂದರೆ ಕಡೇ ಮಜಲು" ಎಂಬ ಹೆದರಿಕೆ ನನ್ನಲ್ಲಿಯೂ ಇತ್ತು.

ಇನ್ನು ನಾನು ಮೋಸಹೋದ ಸಂಗತಿ. ದಿನಕ್ಕೆ 26 ಯೂನಿಟ್ ಇನ್ಸುಲಿನ್ ಶುರುವಾಯಿತು. ಎರಡು ತಿಂಗಳೊಳಗೆ ಮೈ ತುಂಬಿಕೊಂಡಿತು, ನೀರಡಿಕೆ ಹೋಯಿತು. ಆಮೇಲೆ ಒಂದು ದಿನ ಕ್ಯಾಶ್ ಕೌಂಟರಿನಲ್ಲಿ ಕುಳಿತು ನೂರರ ನೋಟಿನ ಕಟ್ಟು ಎಣಿಸುತ್ತಿದ್ದೇನೆ. ಮೂರು ಸಲ ಎಣಿಸಿದರೆ ಮೂರು ಲೆಕ್ಕ. ಕೈ ನಡುಕ, ಬೆವರು, ಎದುರಿಗೆ ನಿಂತ ಗಿರಾಕಿಯ ಮೇಲೆ ವಿನಾಕಾರಣ ಸಿಟ್ಟು. ಇಪ್ಪತ್ತು ವರ್ಷ ಜೊತೆಗಿದ್ದ ನಮ್ಮ ಸಿಪಾಯಿಗೆ ಏನೋ ಹೊಳೆದು, ಚಹಾದ ಅಂಗಡಿಯಿಂದ ಸಕ್ಕರೆ ತಂದು ನೀರಿನಲ್ಲಿ ಕದಡಿ ಕುಡಿಸಿದ. ಹತ್ತು ನಿಮಿಷದಲ್ಲಿ ಲೆಕ್ಕ ಸರಿಬಂತು. ಸಕ್ಕರೆ ತೀರ ಇಳಿದಿತ್ತು. ಡಾಕ್ಟರರು ಪ್ರಮಾಣ ಇಳಿಸುತ್ತ ಇಳಿಸುತ್ತ 8 ಯೂನಿಟ್ಟಿಗೆ ತಂದರು. "ಇದಕ್ಕೆ ಹನಿಮೂನ್ ಎನ್ನುತ್ತಾರೆ ಕಾಕಾ" ಎಂದರು. ನನ್ನ ವಯಸ್ಸಿಗೆ ಅದೆಂಥ ಹನಿಮೂನ್ ಎಂದು ಮನೆಯವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

ಆದರೆ ಅವರು ಹೇಳಿದ ಮುಂದಿನ ಮಾತು ನಮ್ಮ ಕಿವಿಗೆ ಬೀಳಲಿಲ್ಲ. ಹೊರಗಿನಿಂದ ಇನ್ಸುಲಿನ್ ಸಿಕ್ಕಾಗ ಗ್ರಂಥಿಯಲ್ಲಿ ಉಳಿದ ಕಣಗಳಿಗೆ ತುಸು ವಿಶ್ರಾಂತಿ ಸಿಕ್ಕು ಮತ್ತೆ ಕೆಲಸ ಮಾಡುತ್ತವೆ. ಕೆಲವು ತಿಂಗಳು, ಕೆಲವರಿಗೆ ವರ್ಷದ ಮೇಲೂ. ರೋಗ ಗುಣವಾಯಿತೆಂದು ಇದರ ಅರ್ಥವಲ್ಲ. ಒಳಗಿನ ನಾಶ ನಿಂತಿರುವುದಿಲ್ಲ. ಅದೇ ಹೊತ್ತಿಗೆ ಬೀಗರೊಬ್ಬರು ಒಂದು ಕಹಿ ಪುಡಿ ತಂದುಕೊಟ್ಟರು. ಪುಡಿ ತಿಂದೆ, ಸಕ್ಕರೆ ಚೆನ್ನಾಗಿಯೇ ಇತ್ತು, ಕೀರ್ತಿ ಪುಡಿಗೆ ಹೋಯಿತು. ಶ್ರಾವಣದಲ್ಲಿ ಸೂಜಿ ಬಿಟ್ಟೆ. ದಸರೆಯ ಹೊತ್ತಿಗೆ ಹೊಟ್ಟೆನೋವು, ವಾಂತಿ, ಏದುಸಿರು. ಬಾಯಿಂದ ಅತಿಯಾಗಿ ಮಾಗಿದ ಹಣ್ಣಿನ ವಾಸನೆ ಬರುತ್ತಿತ್ತಂತೆ. ನನಗೆ ಅರಿವಿರಲಿಲ್ಲ. ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನು ಸುಟ್ಟುಕೊಂಡು, ಕೀಟೋನ್ ಎಂಬ ಹುಳಿ ರಕ್ತದಲ್ಲಿ ತುಂಬಿತ್ತು. ನಾಲ್ಕು ದಿನ ಐಸಿಯುದಲ್ಲಿದ್ದೆ. ಇನ್ನೊಂದು ರಾತ್ರಿ ಮನೆಯಲ್ಲಿಯೇ ಇಟ್ಟುಕೊಂಡಿದ್ದರೆ ಉಳಿಯುತ್ತಿರಲಿಲ್ಲ ಎಂದು ಮಗನಿಗೆ ಹೇಳಿದರಂತೆ. ಬೀಗರ ಮೇಲೆ ನನಗೆ ಸಿಟ್ಟಿಲ್ಲ, ಅವರು ಪ್ರೀತಿಯಿಂದ ತಂದದ್ದು. ತಪ್ಪು ನನ್ನದು.

ಆದ್ದರಿಂದ ಮೊದಲ ವರ್ಷದಲ್ಲಿರುವವರಿಗೆ ನಾನು ಕೈಮುಗಿದು ಹೇಳುವುದು: ಪ್ರಮಾಣ ಇಳಿಸುವುದಿದ್ದರೆ ಡಾಕ್ಟರರು ಇಳಿಸಲಿ. ನೀವಾಗಿ ಬಿಡಬೇಡಿ. ಜ್ವರ ಬಂದು ಊಟ ಸೇರದ ದಿನವೂ ಪೂರ್ತಿ ಬಿಡುವಂತಿಲ್ಲ. ಜಡ್ಡಿನಲ್ಲಿ ಸಕ್ಕರೆ ಏರುವುದೇ ಹೆಚ್ಚು. ವಾಂತಿ ನಿಲ್ಲದಿದ್ದರೆ ಬೆಳಗಾಗುವ ತನಕ ಕಾಯದೆ ದೊಡ್ಡ ದವಾಖಾನೆಗೆ ನಡೆಯಿರಿ.

ಇಳಿದ ಸಕ್ಕರೆಗೆ ಮದ್ದು ಸಕ್ಕರೆಯೇ. ಮೂರು ಚಹಾ ಚಮಚೆ ಸಕ್ಕರೆ ನೀರಿನಲ್ಲಿ, ಹದಿನೈದು ನಿಮಿಷ ಬಿಟ್ಟು ಮತ್ತೆ ತಪಾಸಣೆ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಉಸಿರಿಗೆ ಸಿಕ್ಕಿಬಿಡುತ್ತದೆ. ನನ್ನ ಅಂಗಿಯ ಕಿಸೆಯಲ್ಲಿ ಸಕ್ಕರೆಯ ಪುಡಿಕೆ ಇಲ್ಲದೆ ಗಡ್ಡೆಯ ಜಾತ್ರೆಗೂ ಹೋಗುವುದಿಲ್ಲ.

ಲೆಕ್ಕದ ಮನುಷ್ಯನಾದ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಬೇರೆಯೇ. ಅಂಗಡಿಯಲ್ಲಿ ಸಿಗುವ ಇನ್ಸುಲಿನ್ ಬಾಟಲಿ ಎರಡು ತೆರನಾಗಿದೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಹಾಗೆಯೇ ಎರಡು: ನಲವತ್ತರದಕ್ಕೆ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆ. ನೂರರ ಬಾಟಲಿಯಿಂದ ನಲವತ್ತರ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಗೆ ಎಳೆದಿರೋ, ಮೈಯೊಳಗೆ ಹೋಗುವುದು 50 ಯೂನಿಟ್. ತಿರುಗಾಮುರುಗಾ ಆದರೆ ಇಪ್ಪತ್ತರ ಬದಲು ಬರೇ 8. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಅಂಗಡಿಯಲ್ಲಿಯೇ ನೋಡಿಕೊಳ್ಳಿ. ಕನ್ನಡಕ ಮರೆತು ಹೋಗಬೇಡಿ.

ನಮ್ಮ ಬಿಸಿಲಿಗೆ ಇನ್ಸುಲಿನ್ ಕೆಡುತ್ತದೆ. ಫ್ರಿಜ್ ಇದ್ದರೆ ಬಾಗಿಲಿನಲ್ಲಿಡಿ, ಬರ್ಫದ ಕಪಾಟಿನಲ್ಲಿ ಬೇಡ, ಹೆಪ್ಪುಗಟ್ಟಿದ್ದು ಕೆಟ್ಟಂತೆಯೇ. ಫ್ರಿಜ್ ಇಲ್ಲದವರು ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ಹೊಸ ಮಣ್ಣಿನ ಗಡಿಗೆಯಲ್ಲಿ ತುಸು ನೀರಿಟ್ಟು, ಅದರೊಳಗೆ ನೆರಳಿಗಿಡಬಹುದು. ಕರೆಂಟು ಹೋದ ದಿನಗಳಲ್ಲಿ ನಾನು ಮಾಡುತ್ತಿದ್ದುದು ಇದನ್ನೇ. ತೆರೆದ ಬಾಟಲಿಯ ಮೇಲೆ ತಾರೀಖು ಬರೆಯಿರಿ, ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಬಳಸಬಾರದು. ಚುಚ್ಚುವ ಜಾಗವನ್ನು ದಿನಾ ಬದಲಿಸಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ.

ಊಟದ ಬಗ್ಗೆ ಹೇಳುವವರು ಬಹಳ. ನಾನು ಒಂದೇ ಹೇಳುತ್ತೇನೆ. ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂಬುದು ನಮ್ಮ ಕಡೆಯ ಅಭಿಮಾನವೇ ಹೊರತು ಸತ್ಯವಲ್ಲ. ನನಗೆ ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಸರಿಹೋಗುತ್ತದೆ. ಮೂರನೆಯದು ತಿಂದರೆ ಮಷೀನು ತೋರಿಸುತ್ತದೆ. ಏಕಾದಶಿಯ ಸಾಬುದಾಣಿ ಖಿಚಡಿ ರೊಟ್ಟಿಗಿಂತಲೂ ಕೆಟ್ಟದ್ದು, ಉಪವಾಸವೆಂದು ಹೆಸರು ಮಾತ್ರ!

ಹೋದ ತಿಂಗಳು ಅಕ್ಕಲಕೋಟದ ಕಡೆಯಿಂದ ನೆಂಟರ ಹುಡುಗನೊಬ್ಬ ಬಂದಿದ್ದ. 38 ವರ್ಷ, ಟೆಂಪೊ ಓಡಿಸುತ್ತಾನೆ. ವರ್ಷದಿಂದ ಗುಳಿಗೆ ನುಂಗುತ್ತಿದ್ದಾನೆ, ಅಂಗಿ ಮೈಮೇಲೆ ಜೋಲಾಡುತ್ತಿತ್ತು. ಗುಳಿಗೆ ಬಿಡಬೇಡ ಎಂದೆ. ಆ ಎರಡು ಪರೀಕ್ಷೆಗಳ ಹೆಸರನ್ನು ಚೀಟಿಯಲ್ಲಿ ಮರಾಠಿಯಲ್ಲಿ ಬರೆದುಕೊಟ್ಟು, "ಡಾಕ್ಟರರಿಗೆ ತೋರಸು, ಇದು ಮಾಡಸಬೇಕೇನ್ರಿ ಅಂತ ಕೇಳು, ನಾಚಬ್ಯಾಡ" ಎಂದು ಕಳಿಸಿದೆ. ರಕ್ತ ಕೊಟ್ಟು ಬಂದಿದ್ದೇನೆ ಎಂದು ಮೊನ್ನೆ ಫೋನ್ ಮಾಡಿದ್ದ. ವರದಿ ಇನ್ನೂ ಬಂದಿಲ್ಲ.